ಒಳಕ್ಕೆ ತೆರೆಯುವ ಬಾಗಿಲು

ಊರಿನ ಅರ್ಧ ಮನೆಗಳಿಗೆ ಅಗುಳಿ, ಚಿಲಕ ಕೂರಿಸಿದವಳು ತನ್ನ ಬಾಯಿಗೊಂದು ಕೂರಿಸಿಕೊಳ್ಳಲಿಲ್ಲ ಎಂದು ಬೀದಿಯವರೆಲ್ಲ ಬಾಗಿಲಕ್ಕನನ್ನು ಆಡಿಕೊಳ್ಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಬಾಯಿ ಮುಚ್ಚುವ ಜಾತಿಯವಳಲ್ಲ ಅವಳು. ಅಪ್ಪ ಬಿಟ್ಟುಹೋದ ಮರಗೆಲಸದ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು, ಗಿರಾಕಿಗಳ ಹತ್ತಿರ ಒಂದು ಸುತ್ತು, ಮರ ಮಾರುವವರ ಹತ್ತಿರ ಎರಡು ಸುತ್ತು ಜಗಳವಾಡಿಕೊಂಡು ಐವತ್ತು ದಾಟಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಅಳತೆಗೆ ಸರಿಯಾದ ಚೌಕಟ್ಟು ಸಿಗಲಿಲ್ಲ" ಎಂದು ಹೇಳಿ ಕೀಸುಳಿ ಓಡಿಸುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಸಿದ್ಧಾಂತ. ನನ್ನ ಬಾಗಿಲು, ನನ್ನ ಇಷ್ಟ. ಯಾರನ್ನು ಒಳಗೆ ಕರೆಯುತ್ತೇನೆ, ಯಾರಿಗೆ ಕೆಲಸ ಕೊಡುತ್ತೇನೆ, ಯಾರಿಗೆ ಏನು ಮಾಡಿಕೊಡುತ್ತೇನೆ ಅನ್ನುವುದು ನನಗೂ ಅವರಿಗೂ ಬಿಟ್ಟದ್ದು. ನಡುವೆ ಮೂರನೆಯವನು ಮೂಗು ತೂರಿಸಿದರೆ ಮೂಗಿಗೇ ಉಳಿ ಹಾಕುತ್ತೇನೆ. ಇದನ್ನು ಅವಳು ಯಾರಿಂದಲೂ ಕಲಿತದ್ದಲ್ಲ. ಅಪ್ಪನಿಂದ ಕಲಿತದ್ದು ಬೇರೆ. ಕೋಣೆಯ ಬಾಗಿಲು ಯಾವಾಗಲೂ ಒಳಕ್ಕೇ ತೆರೆಯಬೇಕು, ಬಂದವರನ್ನು ಬಾಗಿಲೇ ಒಳಗೆ ಕರೆದುಕೊಂಡು ಹೋದ ಹಾಗಿರಬೇಕು, ಹೊರಕ್ಕೆ ತೆರೆದು ಬಂದವರ ಮುಖಕ್ಕೆ ಹೊಡೆಯಬಾರದು ಎಂದು ಅಪ್ಪ ಹೇಳುತ್ತಿದ್ದ. ಗಿರಾಕಿ ಬೇರೆ ಥರ ಕೇಳದಿದ್ದರೆ ಆ ಅಂಗಡಿಯ ಬಾಗಿಲುಗಳೆಲ್ಲ ಒಳಕ್ಕೇ ತೆರೆಯುತ್ತಿದ್ದವು. ಪ್ರತಿ ಬಾಗಿಲಿನ ನೆತ್ತಿಯ ಅಂಚಿನಲ್ಲಿ, ಏಣಿ ಹತ್ತಿದವರಿಗೆ ಮಾತ್ರ ಕಾಣುವಂತೆ, ಕಬ್ಬಿಣ ಕಾಯಿಸಿ ಒತ್ತಿದ ಅಂಗಡಿಯ ಗುರುತು ಇರುತ್ತಿತ್ತು.

ಪಾಲಿಶ್ ಎಂದು ಆಮೇಲೆ ಎಲ್ಲರ ಬಾಯಲ್ಲೂ ಹೆಸರಾದವನು ಬಂದದ್ದು ಇಂಥ ಹೊಸ್ತಿಲಿಗೆ. ಅವನ ಊರು ಗಡಿಯ ಆಚೆ. ಅಲ್ಲಿ ಏನಾಯಿತು, ಹೇಗೆ ದಾಟಿದ ಎಂದು ಅವನು ಹೇಳಲಿಲ್ಲ, ಇವಳು ಕೆದಕಲಿಲ್ಲ. ಕೈಯಲ್ಲೊಂದು ಬಟ್ಟೆಯ ಉಂಡೆ ಹಿಡಿದು ನಿಂತಿದ್ದವನಿಗೆ ಒಂದು ಹಲಗೆ ಎಸೆದಳು. ಮಧ್ಯಾಹ್ನದ ಹೊತ್ತಿಗೆ ಆ ಹಲಗೆಯಲ್ಲಿ ಅವಳಿಗೆ ತನ್ನ ಮುಖ ಕಂಡಿತು, ಮೂಗಿನ ಮೇಲಿನ ಮರದ ಹೊಟ್ಟಿನ ಸಮೇತ. ಅವತ್ತೇ ಮಹಡಿಯ ಕೋಣೆಯ ಕೀಲಿಕೈ ಕೊಟ್ಟಳು. "ಕಾಗದ ಇದೆಯಾ ಅಂತ ಕೇಳಿದ್ಯಾ?" ಎಂದು ಬೀದಿಯವರು ಕೇಳಿದಾಗ, "ಮರಳುಕಾಗದ ಹಿಡಿಯೋಕೆ ಬರುತ್ತಾ ಅಂತ ಕೇಳ್ದೆ. ಬರುತ್ತೆ ಅಂದ" ಎಂದಳು. ಆಮೇಲೆ ವರ್ಷಗಳು ಕಳೆದವು. ಭಾಷೆಯನ್ನೂ ಅವನು ಹಲಗೆ ಉಜ್ಜಿದ ಹಾಗೆ ಉಜ್ಜಿ ಉಜ್ಜಿ ಕಲಿತ. ಒಂದು ಮಾತು ಮಾತ್ರ ಅವನ ಬಾಯಲ್ಲಿ ತಿರುಗಲೇ ಇಲ್ಲ. ಹೊರಗೆ ಹೊರಟಾಗೆಲ್ಲ, "ಹೋಗ್ತೀನಿ, ಅಕ್ಕ" ಎನ್ನುತ್ತಿದ್ದ.

"ಹೋಗ್ತೀನಿ ಅನ್ಬಾರ್ದು ಕಣೋ. ಬರ್ತೀನಿ ಅನ್ನು."

"ಹೋಗ್ತಾ ಇರೋನು ಬರ್ತೀನಿ ಅಂದ್ರೆ ಸುಳ್ಳಲ್ವಾ, ಅಕ್ಕ?"

"ವಾಪಸ್ ಬರ್ತೀಯಲ್ಲೋ, ಅದಕ್ಕೆ."

"ಬಂದ ಮೇಲೆ ಹೇಳ್ತೀನಿ ಬಿಡಿ" ಎಂದು ನಗುತ್ತಾ ಹೋಗುತ್ತಿದ್ದ. ಇದು ಅವರಿಬ್ಬರ ದಿನನಿತ್ಯದ ಪಾಠವಾಗಿತ್ತು, ಮೇಷ್ಟ್ರಿಗೂ ಬೇಸರವಿಲ್ಲ, ಶಿಷ್ಯನಿಗೂ ಬುದ್ಧಿಯಿಲ್ಲ.

ಬಾಗಿಲಕ್ಕನಿಗೆ ಒಬ್ಬ ತಮ್ಮನಿದ್ದ. ಗಡಿ ಇಲಾಖೆಯಲ್ಲಿ ಗುಮಾಸ್ತ. ರಜಾ ದಿನ ಅಕ್ಕನ ಮನೆಯಲ್ಲೇ ಊಟ, ಊಟದ ಜೊತೆಗೆ ವಾದ. ತಟ್ಟೆ ಎತ್ತುವವರೆಗೆ ಒಬ್ಬರ ಮಾತಿಗೆ ಒಬ್ಬರು ಬಗ್ಗುತ್ತಿರಲಿಲ್ಲ.

"ಅಲ್ಲ ಅಕ್ಕ, ನಿನ್ನ ಮನೆಗೆ ನೀನು ಬಾಗಿಲು ಇಟ್ಕೊಂಡಿಲ್ವಾ? ದೇಶಕ್ಕೂ ಹಾಗೇ ಒಂದು ಬಾಗಿಲು ಬೇಡ್ವಾ?"

"ಮನೆಗೆ ಯಜಮಾನ ಅಂತ ಒಬ್ಬ ಇರ್ತಾನೆ. ದೇಶಕ್ಕೆ ಯಾರೋ ಯಜಮಾನ? ನೀನಾ?"

"ಸರ್ಕಾರ."

"ಹಾಗಾದ್ರೆ ನಾನು ನನ್ನ ಮನೇಲೇ ಬಾಡಿಗೆಗೆ ಇದೀನಿ ಅನ್ನು. ಕರೆಯೋಳು ನಾನು, ಬರೋನು ಅವನು. ಸಂಬಳ ನನ್ನದು, ಬೆವರು ಅವನದು. ನಡುವೆ ನೀನು ಎಲ್ಲಿಂದ ಬಂದೆ?"

"ನೀನೇನೋ ಒಬ್ಬನ್ನ ಕರೀತೀಯ. ಅವನು ನಡೆಯೋ ರಸ್ತೆ ಎಲ್ಲರದ್ದು, ಕುಡಿಯೋ ನೀರು ಎಲ್ಲರದ್ದು. ಎಲ್ಲರನ್ನೂ ಒಂದು ಮಾತು ಕೇಳಿದ್ಯಾ?"

"ನಿನಗೆ ಮಗು ಆದಾಗ ಬೀದಿಯವರನ್ನೆಲ್ಲ ಕೇಳಿದ್ಯಾ? ಅದೂ ಅದೇ ರಸ್ತೇಲಿ ತಾನೇ ನಡೆಯೋದು?"

ತಮ್ಮ ಸೋಲುತ್ತಿದ್ದ, ಸೋತು ನಗುತ್ತಿದ್ದ. ಮೂಲೆಯಲ್ಲಿ ಊಟಕ್ಕೆ ಕೂತ ಪಾಲಿಶ್ ತಲೆ ಎತ್ತದೆ ನಗುತ್ತಿದ್ದ. ಆಗೆಲ್ಲ ಅದು ನಗುವ ಮಾತಾಗಿಯೇ ಇತ್ತು.

ಯಾವಾಗ ಅದು ನಗುವ ಮಾತಾಗಿ ಉಳಿಯಲಿಲ್ಲ ಎಂದು ಹೇಳುವುದು ಕಷ್ಟ. ಮೊದಲು ಒಂದು ವ್ಯಾನು ಬಂತು. ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸಿನ ಇಂಪಾದ ದನಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಹೊರಗಿನವರು ಇದ್ದರೆ ದಯವಿಟ್ಟು ತಿಳಿಸಿ, ಇದು ನಿಮ್ಮ ಸುರಕ್ಷತೆಗಾಗಿ. ಮಕ್ಕಳಿಗೆ ಜೋಗುಳ ಹಾಡುವ ಹಾಗೆ ಹೇಳುತ್ತಿದ್ದಳು. ವ್ಯಾನು ದಿನಾ ಬೆಳಿಗ್ಗೆ ಬರತೊಡಗಿತು, ಹಾಲಿನವನ ಹಾಗೆ. ಬೀದಿಯ ತುದಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ದಿನ ಕಾಣಲಿಲ್ಲ. ಆ ಮನೆಯವರನ್ನು ಕೇಳಿದರೆ, ಅಂಥವಳೊಬ್ಬಳು ಇದ್ದಳೆಂಬುದನ್ನೇ ಮರೆತವರ ಹಾಗೆ ಹವಾಮಾನದ ಮಾತು ತೆಗೆದರು.

ಅದೇ ದಿನಗಳಲ್ಲಿ ತಮ್ಮ ಒಂದು ಆರ್ಡರ್ ತಂದ. ಮಾರುಕಟ್ಟೆಯ ಹಿಂದಿನ ಹಳೆಯ ಗೋದಾಮನ್ನು ಇಲಾಖೆ ಕೋಣೆ ಕೋಣೆಯಾಗಿ ಭಾಗ ಮಾಡಿಸಿತ್ತು. ಅಷ್ಟೂ ಕೋಣೆಗಳಿಗೆ ಗಟ್ಟಿ ಬಾಗಿಲು ಬೇಕು. ಅಗುಳಿ ಹೊರಗಡೆ. ಕಣ್ಣಿನ ಎತ್ತರಕ್ಕೊಂದು ಗಾಜಿನ ಕಿಂಡಿ, ಕೆಳಗೆ ಒಂದು ತಟ್ಟೆ ನುಸುಳುವಷ್ಟು ಸಂದು.

"ಏನಿಡ್ತಾರೋ ಅಲ್ಲಿ?" ಎಂದು ಕೇಳಲು ಬಾಗಿಲಕ್ಕ ಬಾಯಿ ತೆರೆದಳು. ತೆರೆದ ಬಾಯನ್ನು ಜೀವನದಲ್ಲೇ ಮೊದಲ ಸಲ ಮುಚ್ಚಿಕೊಂಡಳು. ಗಿರಾಕಿ ಯಾಕೆ ಕೇಳುತ್ತಾನೆ ಅನ್ನುವುದು ಗಿರಾಕಿಗೆ ಬಿಟ್ಟದ್ದು. ಅದೂ ಅವಳ ಸಿದ್ಧಾಂತವೇ. ಜೊತೆಗೆ, ದೊಡ್ಡ ಕೆಲಸ ಬಂದು ಬಹಳ ದಿನವಾಗಿತ್ತು, ತಮ್ಮ ಅಕ್ಕರೆಯಿಂದ ತಂದಿದ್ದ. ಅವಳಿಗೆ ಅನುಮಾನ ಬರಲಿಲ್ಲ ಅಂತೇನಲ್ಲ. ಬಂದ ಅನುಮಾನವನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದಳು. ಊರಿಗೆಲ್ಲ ಎದುರುತ್ತರ ಕೊಡುವ ಹೆಂಗಸು ಅಲ್ಲೊಂದು ಪ್ರಶ್ನೆ ಕೇಳಬಾರದಿತ್ತೇ? ಆದರೆ ಕೇಳಲಿಲ್ಲ.

ಕೇಳಿದವನು ಪಾಲಿಶ್. ಬಾಗಿಲೊಂದರ ಒಳಮುಖವನ್ನು ಉಜ್ಜುತ್ತಾ, "ಅಕ್ಕ, ಗೋದಾಮಿನ ಬಾಗಿಲಿಗೆ ಒಳಗಡೆ ಯಾಕೆ ಪಾಲಿಶ್? ಮೂಟೆಗಳು ನೋಡ್ತಾವಾ?" ಎಂದ.

"ಬಾಗಿಲು ಅಂದ್ಮೇಲೆ ಎರಡೂ ಕಡೆ ಬಾಗಿಲೇ. ಸುಮ್ನೆ ಉಜ್ಜು."

"ಈ ಸಂದು?"

"ಗಾಳಿಗೆ ಇರ್ಬೇಕು."

ಅವನು ಆ ಸಂದಿನಲ್ಲಿ ಕೈ ತೂರಿಸಿ, ಅಂಗೈಯನ್ನು ಮೇಲಕ್ಕೆ ಮಾಡಿ ಸ್ವಲ್ಪ ಹೊತ್ತು ಹಿಡಿದಿದ್ದ. ಆಮೇಲೆ ಕೈ ತೆಗೆದು ಸಂದಿನ ಅಂಚನ್ನೂ ನುಣ್ಣಗೆ ಉಜ್ಜಿದ, ತೂರಿದ ಕೈಗೆ ಸಿಬಿರು ಹತ್ತಬಾರದಲ್ಲ. ಆರ್ಡರಿನಲ್ಲಿ ಬಾಗಿಲು ಯಾವ ಕಡೆಗೆ ತೆರೆಯಬೇಕೆಂದು ಬರೆದಿರಲಿಲ್ಲ. ಬಾಗಿಲಕ್ಕ ಅಪ್ಪನ ರೂಢಿಯಂತೆ ಎಲ್ಲವನ್ನೂ ಒಳಕ್ಕೇ ತೆರೆಯುವಂತೆ ಕೂರಿಸಿ, ನೆತ್ತಿಗೆ ಗುರುತು ಒತ್ತಿ ಬಂದಳು.

ಕುರ್ಚಿಗಳು ಬಂದದ್ದು ಅದಾದ ಮೇಲೆ. ಎದುರಿನ ಇಸ್ತ್ರಿ ಅಂಗಡಿಯ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಅವುಗಳ ಮೇಲೆ ಗರಿಗರಿ ಅಂಗಿ ತೊಟ್ಟ ಇಬ್ಬರು. ಒಬ್ಬ ತೆಳ್ಳಗೆ, ಒಬ್ಬ ದಪ್ಪಗೆ. ಬಾಗಿಲಕ್ಕ ಸೊಂಟಕ್ಕೆ ಕೈ ಕೊಟ್ಟು ಹೊಸ್ತಿಲ ಮೇಲೆ ನಿಂತಳು.

"ಏನು ಬೇಕಾಗಿತ್ತು?"

ತೆಳ್ಳಗಿನವನು ಎದ್ದು ನಿಂತು ಕೈ ಮುಗಿದ. "ಏನಿಲ್ಲ ಮೇಡಂ. ನೀವು ನಿಮ್ಮ ಕೆಲಸ ಮಾಡ್ಕೊಳಿ. ನಾವು ಒಳಗೆ ಬರಲ್ಲ. ಒಳಗಡೆ ನಿಮ್ಮ ಜಾಗ, ಕಾನೂನಿಗೂ ಅದಕ್ಕೆ ಗೌರವ ಇದೆ."

"ಮತ್ತೆ ಇಲ್ಲೇನು ಮಾಡ್ತೀರಾ?"

"ಇದು ಬೀದಿ, ಮೇಡಂ" ಎಂದು ಅವನು ಬಹಳ ಮರ್ಯಾದೆಯಿಂದ ಹೇಳಿ ಕೂತುಕೊಂಡ.

ಬಾಗಿಲಕ್ಕ ಗೆದ್ದವಳ ಹಾಗೆ ಒಳಗೆ ಬಂದಳು. ಅಂದೇ ತಮ್ಮನಿಗೆ ಫೋನು ಮಾಡಿ, "ನೋಡಿದ್ಯಾ? ನಿಮ್ಮವರಿಗೂ ನನ್ನ ಹೊಸ್ತಿಲು ದಾಟೋ ಧೈರ್ಯ ಇಲ್ಲ" ಎಂದಳು. ತಮ್ಮ ನಗಲಿಲ್ಲ. "ಅಕ್ಕ, ಅವನನ್ನ ಕಳಿಸಿಬಿಡು. ಅವನೇ ಹೋಗಿ ಒಪ್ಪಿಸಿಕೊಂಡ್ರೆ ಅವನಿಗೂ ಒಳ್ಳೇದು, ನಿನಗೂ ಒಳ್ಳೇದು" ಎಂದ. ಅವಳು ಬೈದು ಫೋನಿಟ್ಟಳು.

ದಿನಗಳು ಹೋದವು, ಕುರ್ಚಿಗಳು ಹೋಗಲಿಲ್ಲ. ಅವರು ಯಾರನ್ನೂ ತಡೆಯುತ್ತಿರಲಿಲ್ಲ. ಬಾಗಿಲಕ್ಕನ ಅಂಗಡಿಗೆ ಬಂದವರನ್ನು ಸುಮ್ಮನೆ ನೋಡುತ್ತಿದ್ದರು, ಅಷ್ಟೇ. ನೋಡಿಸಿಕೊಂಡ ಗಿರಾಕಿ ಎರಡನೆಯ ಸಲ ಬರುತ್ತಿರಲಿಲ್ಲ. ಮರದ ಲಾರಿ ಅಂಗಡಿಯ ಮುಂದೆ ನಿಧಾನಿಸಿ, ಏನೋ ನೆನಪಾದ ಹಾಗೆ ಮುಂದಕ್ಕೆ ಹೋಯಿತು. ಇಸ್ತ್ರಿಯವನು ಇವಳ ಬಟ್ಟೆಯ ಗಂಟನ್ನು ಇಸ್ತ್ರಿ ಮಾಡದೆ ವಾಪಸ್ ತಂದು, ಮುಖ ನೋಡದೆ, "ಕೆಂಡ ಆರಿಹೋಗಿದೆ ಅಕ್ಕ" ಎಂದ. ಅವನ ಬೆನ್ನ ಹಿಂದೆಯೇ ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಏಳುತ್ತಿತ್ತು.

ಪಾಲಿಶ್ ಮಹಡಿಯ ಕಿಟಕಿ ಮುಚ್ಚಿಕೊಂಡ. ಉಜ್ಜಲು ಕೆಲಸವಿಲ್ಲದೆ ಉಜ್ಜಿದ ಹಲಗೆಗಳನ್ನೇ ಉಜ್ಜುತ್ತಿದ್ದ. ಕಾಗದದಷ್ಟು ತೆಳ್ಳಗಾದರೂ ಬಿಡುವುದಿಲ್ಲವೇನೋ ಎಂದು ಬಾಗಿಲಕ್ಕ ಗದರಿದಳು. ಗದರಿದ್ದು ಭಯಕ್ಕೆ. ಅವಳಿಗೆ ಭಯವಾಗುತ್ತಿತ್ತು, ಒಳಗೆ ಬರುವವರನ್ನು ತಡೆಯುವುದು ಹೇಗೆಂದು ಅವಳಿಗೆ ಗೊತ್ತಿತ್ತು, ಒಳಗೆ ಬರದವರನ್ನು ಏನು ಮಾಡುವುದೆಂದು ಗೊತ್ತಿರಲಿಲ್ಲ.

"ಅಕ್ಕ, ಈ ಬಾಗಿಲಿಗೆ ಅಗುಳಿ ಯಾವ ಕಡೆ ಇದೆ?" ಎಂದು ಒಂದು ಸಂಜೆ ಅಂಗಡಿಯ ಬಾಗಿಲು ತೋರಿಸಿ ಕೇಳಿದ.

"ಕಣ್ಣು ಕಾಣಲ್ವಾ? ಒಳಗಡೆ."

"ಇಲ್ಲ ಬಿಡಿ. ಹೊರಗಡೆ ಇದೆ. ಎರಡು ಕುರ್ಚಿ ಅಗುಳಿ."

ಮರುದಿನ ಮಧ್ಯಾಹ್ನ ಅವಳು ಉಳಿ ಮಸೆಯುತ್ತಾ ತಲೆ ಬಗ್ಗಿಸಿ ಕೂತಿದ್ದಳು. ಅವನು ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಇಳಿದು ಬಂದ.

"ಥಿನ್ನರ್ ಮುಗಿದಿದೆ. ಹೋಗ್ತೀನಿ, ಅಕ್ಕ."

"ಬರ್ತೀನಿ ಅನ್ನೋ" ಎಂದಳು, ಅಭ್ಯಾಸಬಲದಿಂದ, ತಲೆ ಎತ್ತದೆ. ಉಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಇನ್ನೊಂದು ಸಲ ಕಲ್ಲಿನ ಮೇಲೆ ಎಳೆದಳು. ಆಮೇಲೆ ಕಣ್ಣು ಕೆಳಕ್ಕೆ ಹೋಯಿತು. ಥಿನ್ನರ್ ಡಬ್ಬ ಅವಳ ಕಾಲ ಬುಡದಲ್ಲೇ ಇತ್ತು, ತುಂಬಿತ್ತು. ಓಡಿ ಹೊಸ್ತಿಲಿಗೆ ಬಂದರೆ ಎರಡೂ ಕುರ್ಚಿಗಳು ಖಾಲಿ. ಇಸ್ತ್ರಿಯವನು ಅವುಗಳನ್ನು ಒಂದರೊಳಗೊಂದು ಸಿಕ್ಕಿಸಿ ಗೋಡೆಗೆ ಒರಗಿಸುತ್ತಿದ್ದ.

ಅವಳು ಇಲಾಖೆಗೆ ಹೋದಳು, ಕೂಗಾಡಿದಳು, ಬೆಂಚಿನ ಮೇಲೆ ಕೂರಿಸಿದರು, ನೀರು ಕೊಟ್ಟರು, ಕಳಿಸಿದರು. ಪ್ರತಿ ಸಲವೂ ನೀರು ಕೊಟ್ಟರು. ಬೈಗುಳಕ್ಕೆ ಬೈಗುಳ ಸಿಕ್ಕರೆ ಬಾಗಿಲಕ್ಕ ಬದುಕಿಕೊಳ್ಳುತ್ತಿದ್ದಳು. ಮರ್ಯಾದೆಯ ಮುಂದೆ ಅವಳ ನಾಲಿಗೆ ಒಣಗಿಹೋಯಿತು.

ಕೊನೆಗೆ ತಮ್ಮನೇ ಬಂದ. ಊಟದ ಹೊತ್ತಾಗಿದ್ದರೂ ತಟ್ಟೆಯ ಮುಂದೆ ಕೂರಲಿಲ್ಲ.

"ಅಕ್ಕ, ಗೋದಾಮಿನ ಬಾಗಿಲುಗಳ ವಿಷಯ. ಎಲ್ಲಾನೂ ತಿರುಗಿಸಿ ಕೂರಿಸ್ಬೇಕಂತೆ. ಹೊರಕ್ಕೆ ತೆರೆಯೋ ಹಾಗೆ."

"ಯಾಕೆ, ಏನಾಗಿದೆ ನನ್ನ ಬಾಗಿಲಿಗೆ?"

"ಒಳಕ್ಕೆ ತೆರೆಯೋ ಬಾಗಿಲಿನ ಕೀಲೆಲ್ಲ ಒಳಗಡೇನೇ ಇರುತ್ತಲ್ಲ. ಒಬ್ಬ ಚಮಚದ ಹಿಡಿಯಿಂದ ಕೀಲಿನ ಕಡ್ಡಿಗಳನ್ನ ಮೇಲಕ್ಕೆ ಎಬ್ಬಿಸಿ, ಬಾಗಿಲನ್ನೇ ಎತ್ತಿ ಗೋಡೆಗೆ ಒರಗಿಸಿ, ಹೊರಟುಹೋಗಿದಾನೆ."

ಬಾಗಿಲಕ್ಕನಿಗೆ ನಗು ಬಂತು. ಅಪ್ಪ ಇದ್ದಿದ್ದರೆ ಎಷ್ಟು ನಗುತ್ತಿದ್ದನೋ ಅನ್ನಿಸಿತು. ನಗು ತುಟಿಗೆ ಬರುವಷ್ಟರಲ್ಲಿ ನಿಂತಿತು.

"ಅಲ್ಲಿ ಇಡೋದು ಮನುಷ್ಯರನ್ನ."

ತಮ್ಮ ತಟ್ಟೆಯ ಕಡೆ ನೋಡಿದ.

"ನೀನು ನನಗೆ ಹೇಳಲಿಲ್ಲ."

"ನೀನು ಕೇಳಲಿಲ್ಲ, ಅಕ್ಕ" ಎಂದ ತಮ್ಮ. ಚುಚ್ಚಲು ಹೇಳಿದ್ದಲ್ಲ. "ಕೇಳಿದ್ರೆ ಹೇಳ್ತಿದ್ದೆ. ಗಿರಾಕಿ ಯಾಕೆ ಕೇಳ್ತಾನೆ ಅಂತ ನೀನು ಯಾವತ್ತೂ ಕೇಳಲ್ವಲ್ಲ. ನನಗೆ ಅದೇ ಒಂದು ಧೈರ್ಯ ಆಗಿತ್ತು."

"ಅವನು ಅಲ್ಲಿದಾನಾ?"

ತಮ್ಮ ಹೌದೆಂದು ತಲೆಯಾಡಿಸಿದ. "ಬರೋ ವಾರ ಎಲ್ಲರನ್ನೂ ಇನ್ನೆಲ್ಲಿಗೋ ಕಳಿಸ್ತಾರೆ. ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ. ಹೋದವರ ಸುದ್ದಿ ಬರಲ್ಲ."

"ಬಾಗಿಲು ತಿರುಗಿಸಿ ಕೊಡ್ತೀನಿ ಅಂತ ಹೇಳು" ಎಂದಳು. ಜಗಳಕ್ಕೆ ಸಿದ್ಧನಾಗಿ ಬಂದಿದ್ದ ತಮ್ಮ ಅವಳ ಮುಖವನ್ನೇ ನೋಡಿದ. ಅವಳು ಆಗಲೇ ಎದ್ದು ಸಾಮಾನಿನ ಚೀಲಕ್ಕೆ ಕೈ ಹಾಕಿದ್ದಳು.

ಅವಳ ತಲೆಯಲ್ಲಿದ್ದದ್ದು ಇಷ್ಟು. ಹೊರಕ್ಕೆ ತೆರೆಯುವ ಬಾಗಿಲಿಗೆ ಕೀಲು ಹೊರಗಡೆ ಹೋಗುತ್ತದೆ, ಒಳಗಿನವನ ಕೈಗೆ ಸಿಗುವುದಿಲ್ಲ. ಒಳಗಿನಿಂದ ತಳ್ಳಿದರೆ ಭಾರವೆಲ್ಲ ಬೀಳುವುದು ಅಗುಳಿ ಹೋಗಿ ಕೂರುವ ಒಂದು ಸಣ್ಣ ಕಬ್ಬಿಣದ ಪಟ್ಟಿಯ ಮೇಲೆ. ಆ ಪಟ್ಟಿಗೆ ಬೆರಳುದ್ದದ ಸ್ಕ್ರೂ ಹಾಕಿದರೆ ಅದು ಚೌಕಟ್ಟಿನ ಮರವನ್ನು ಕಚ್ಚಿ ಹಿಡಿಯುತ್ತದೆ, ಎತ್ತು ಗುಮ್ಮಿದರೂ ಬಿಡುವುದಿಲ್ಲ. ಉಗುರುದ್ದದ ಸ್ಕ್ರೂ ಹಾಕಿದರೆ ಹೊರಗಿನಿಂದ ನೋಡಲು ಅದೇ ತಲೆ, ಅದೇ ಹೊಳಪು. ಆದರೆ ಒಂದು ಸಲ ಭುಜ ಕೊಟ್ಟು ತಳ್ಳಿದರೆ ಪಟ್ಟಿ ಕಿತ್ತು ಬರುತ್ತದೆ. ಚೀಲದ ದೊಡ್ಡ ಜೇಬಿಗೆ ಉದ್ದದ ಸ್ಕ್ರೂಗಳನ್ನು ಸುರಿದುಕೊಂಡಳು. ಸಣ್ಣ ಜೇಬಿಗೆ ಒಂದೇ ಬಾಗಿಲಿಗಾಗುವಷ್ಟು ಗಿಡ್ಡ ಸ್ಕ್ರೂ. ಇಷ್ಟು ವರ್ಷದಲ್ಲಿ ಅವಳು ಬೇಕೆಂದೇ ಕೆಟ್ಟ ಕೆಲಸ ಮಾಡಲು ಹೊರಟದ್ದು ಇದೇ ಮೊದಲು.

ಗೋದಾಮಿನ ಉದ್ದನೆಯ ಓಣಿಯಲ್ಲಿ ಅವಳದೇ ಅಂಗಡಿಯ ವಾಸನೆ. ಅವಳದೇ ಮರ, ಅವನದೇ ಪಾಲಿಶ್. ಎರಡೂ ಕಡೆ ಅವಳು ಮಾಡಿದ ಬಾಗಿಲುಗಳು ಸಾಲಾಗಿ ನಿಂತಿದ್ದವು, ಅವುಗಳ ಹಿಂದೆ ಯಾರೋ ಕೆಮ್ಮುತ್ತಿದ್ದರು, ಎಲ್ಲೋ ಒಂದು ಮಗು ಒಂದೇ ರಾಗದಲ್ಲಿ ಅಳುತ್ತಿತ್ತು. ಕೆಲವು ಬಾಗಿಲುಗಳ ಕೆಳಗಿನ ಸಂದಿನಿಂದ ಬೆರಳುಗಳು ಕಾಣುತ್ತಿದ್ದವು. ಗಾಳಿಗೆ ಇರಬೇಕು ಎಂದು ತಾನು ಹೇಳಿದ್ದು ನೆನಪಾಗಿ ಅವಳಿಗೆ ನಾಚಿಕೆಯಿಂದ ಸತ್ತುಹೋಗಬೇಕೆನ್ನಿಸಿತು.

"ಒಬ್ರೇ ಇಷ್ಟು ಭಾರ ಎತ್ತೋಕಾಗಲ್ಲ ಮೇಡಂ" ಎಂದ ಕಾವಲಿನವನು. "ಒಳಗಿರೋರಲ್ಲೇ ಒಬ್ಬನಿಗೆ ಮರಗೆಲಸ ಗೊತ್ತಂತೆ. ಸಹಾಯಕ್ಕೆ ಕೊಡ್ತೀವಿ."

ಕರೆತಂದದ್ದು ಪಾಲಿಶ್‌ನನ್ನೇ. ತಲೆ ಬೋಳಿಸಿದ್ದರು, ಕೆನ್ನೆ ಇಳಿದಿತ್ತು. ಅವನು ಗುರುತೇ ಇಲ್ಲದವನ ಹಾಗೆ ನಿಂತ. ಅವಳೂ ಹಾಗೇ ನಿಂತು, "ಹಿಡಿ ಆ ಕಡೆ" ಎಂದಳು. ದನಿ ಒಡೆಯದಿರಲೆಂದು ಜೋರಾಗಿ ಹೇಳಿದಳು.

ಬೆಳಗಿನಿಂದ ಇಬ್ಬರೂ ಕೆಲಸ ಮಾಡಿದರು. ಬಾಗಿಲು ಬಿಚ್ಚುವುದು, ತಿರುಗಿಸುವುದು, ಕೀಲಿಗೆ ಹೊಸ ಜಾಗ ಕೆತ್ತುವುದು, ಹೊರಗಡೆ ಪಟ್ಟಿ ಕೂರಿಸುವುದು. ಅವಳು ಕೈ ಚಾಚುವ ಮೊದಲೇ ಬೇಕಾದ ಉಳಿ ಅವಳ ಕೈಯಲ್ಲಿರುತ್ತಿತ್ತು. ಅಳತೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಒಂದೇ ಸಲ, ಬಾಗಿಲು ಎತ್ತುವಾಗ ಇಬ್ಬರ ತಲೆಯೂ ಹತ್ತಿರ ಬಂದಾಗ, "ಊಟ ಕೊಡ್ತಾರಾ?" ಎಂದು ಪಿಸುಗುಟ್ಟಿದಳು. "ಕೊಡ್ತಾರೆ. ಸಂದು ನುಣ್ಣಗಿದೆ, ಕೈಗೆ ತಾಗಲ್ಲ" ಎಂದ.

ಸಾಲಿನ ಕೊನೆಯದು ಅವನ ಕೋಣೆ. ಅದರ ಆಚೆಗೆ ಹಿತ್ತಲಿನ ಗೇಟು, ಗೇಟಿಗೆ ಒಂದು ಸರಪಳಿಯೂ ಇರಲಿಲ್ಲ. ತಿರುಗಿಸಿ ಕೂರಿಸಿದ ಬಾಗಿಲುಗಳ ಮೇಲೆ ಅವರಿಗೆ ಅಷ್ಟು ನಂಬಿಕೆ. ಬಾಗಿಲಕ್ಕ ಸಣ್ಣ ಜೇಬಿಗೆ ಕೈ ಹಾಕಿ, ಗಿಡ್ಡ ಸ್ಕ್ರೂಗಳನ್ನು ಅವನ ಅಂಗೈಗೆ ಸುರಿದಳು.

"ಪಟ್ಟಿ ನೀನೇ ಕೂರಿಸು. ಈ ಬಾಗಿಲಿಗೆ ಇವು."

ಅವನು ಅಂಗೈ ನೋಡಿದ. ಅವಳ ಮುಖ ನೋಡಿದ. ಮುಷ್ಟಿ ಮುಚ್ಚಿದ.

"ಗೊತ್ತಾಯ್ತು, ಅಕ್ಕ."

ಅವಳು ಕಾವಲಿನವನ ಕಡೆ ತಿರುಗಿ ಜಗಳ ತೆಗೆದಳು. ಈ ನೆಲ ಯಾರು ಹಾಕಿದ್ದು, ಮಟ್ಟ ಅನ್ನೋದೇ ಇಲ್ಲ, ನಾಳೆ ಬಾಗಿಲು ತಿಕ್ಕಿದರೆ ನನ್ನ ತಲೆಗೆ ಕಟ್ಟುತ್ತೀರಿ. ಹಳೆಯ ಬಾಗಿಲಕ್ಕ ಮೈಮೇಲೆ ಬಂದವಳ ಹಾಗೆ ಒದರಿದಳು. ಕಾವಲಿನವನು ಕಕ್ಕಾಬಿಕ್ಕಿಯಾಗಿ ನೆಲ ನೋಡಿದ. ಬೆನ್ನ ಹಿಂದೆ ಸ್ಕ್ರೂ ತಿರುಗುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಕೇಳಿತು. ಗಿಡ್ಡ ಸ್ಕ್ರೂಗೆ ಇಷ್ಟು ಹೊತ್ತು ಯಾಕೆ ಎಂದು ಅವಳಿಗೆ ಹೊಳೆಯಬೇಕಿತ್ತು. ಜಗಳದ ಭರದಲ್ಲಿ ಹೊಳೆಯಲಿಲ್ಲ.

ಆಗ ಅಧಿಕಾರಿ ಬಂದ. ಕುರ್ಚಿಯ ಮೇಲೆ ಕೂರುತ್ತಿದ್ದ ತೆಳ್ಳಗಿನವನೇ, ಅದೇ ಗರಿಗರಿ ಅಂಗಿ. ಜೊತೆಗೆ ಆ ದಪ್ಪಗಿನವನು.

"ನಮಸ್ಕಾರ ಮೇಡಂ. ಹೋದ ಸಲ ನಾವು ನೋಡದೆ ತಗೊಂಡ್ವಿ, ಅದು ನಮ್ಮದೇ ತಪ್ಪು. ಈ ಸಲ ಒಂದೊಂದನ್ನೂ ಪರೀಕ್ಷೆ ಮಾಡ್ತೀವಿ. ನಿಮ್ಮೆದುರಿಗೇ."

ದಪ್ಪಗಿನವನು ಮೊದಲ ಕೋಣೆಯೊಳಗೆ ಹೋದ. ಹೊರಗಿನಿಂದ ಅಗುಳಿ ಹಾಕಿದರು. ಒಳಗಿನಿಂದ ಧಡ್ ಎಂದು ಭುಜ ಕೊಟ್ಟ. ಬಾಗಿಲು ಅಲುಗಲಿಲ್ಲ. ಎರಡನೆಯದು. ಮೂರನೆಯದು. ಬಾಗಿಲಕ್ಕ ಸಾಲಿನ ಕೊನೆಯ ಕಡೆ ನೋಡಿದಳು. ಕೊನೆಯ ಬಾಗಿಲು ಕಿತ್ತು ಬಂದರೆ ಗಿಡ್ಡ ಸ್ಕ್ರೂಗಳು ಎಲ್ಲರ ಕಣ್ಣೆದುರಿಗೆ ನೆಲದ ಮೇಲೆ ಉದುರುತ್ತವೆ. ಬಾಗಿಲಿನ ನೆತ್ತಿಯಲ್ಲಿ ಅವಳ ಅಂಗಡಿಯ ಗುರುತಿದೆ. ಅವಳಿಗೆ ತಾನು ಸಿಕ್ಕಿಬೀಳುವುದಕ್ಕಿಂತ, ಅವನಿಗಿದ್ದ ಒಂದೇ ದಾರಿ ತನ್ನ ಅವಸರದಿಂದ ಮುಚ್ಚಿಹೋಗುತ್ತದಲ್ಲ ಎಂಬ ಸಂಕಟ ಹೆಚ್ಚಾಯಿತು. ಪಾಲಿಶ್ ಗೋಡೆಗೆ ಒರಗಿ ನಿಂತು, ಚೀಲಕ್ಕೆ ಸಾಮಾನುಗಳನ್ನು ಒಂದೊಂದಾಗಿ ತುಂಬುತ್ತಿದ್ದ.

ಕೊನೆಯ ಬಾಗಿಲು. ಧಡ್. ಅವಳು ಕಣ್ಣು ಮುಚ್ಚಿದಳು. ಮತ್ತೆ ಧಡ್. ಮೂರನೆಯ ಸಲ ದಪ್ಪಗಿನವನು ದೂರದಿಂದ ಓಡಿಬಂದು ಗುದ್ದಿದ್ದು ಕೇಳಿಸಿತು. ಗೋಡೆಯ ಸುಣ್ಣ ಉದುರಿತು. ಬಾಗಿಲು ಉಸಿರೆತ್ತಲಿಲ್ಲ.

"ಭೇಷ್" ಎಂದ ತೆಳ್ಳಗಿನವನು.

ಬಾಗಿಲಕ್ಕ ಕಣ್ಣು ಬಿಟ್ಟು ಪಟ್ಟಿಯನ್ನೇ ನೋಡಿದಳು. ಅದೇ ತಲೆ, ಅದೇ ಹೊಳಪು. ಗಿಡ್ಡ ಸ್ಕ್ರೂ ಅಷ್ಟು ಹೊಡೆತ ತಡೆಯುವುದು ಸಾಧ್ಯವೇ ಇರಲಿಲ್ಲ.

ಪಾಲಿಶ್ ಚೀಲವನ್ನು ಅವಳ ಕೈಗೆ ಕೊಟ್ಟು, ಯಾರೂ ಹೇಳದೆಯೇ ಕೋಣೆಯೊಳಗೆ ಹೋದ. ಒಳಗೆ ಹೋಗಿ ತಿರುಗಿ ನಿಂತ. ಆ ದಿನ ಮೊದಲ ಸಲ ಅವಳ ಮುಖ ನೋಡಿ ನಕ್ಕ.

"ಬರ್ತೀನಿ, ಅಕ್ಕ" ಎಂದ.

"ಅಗುಳಿ ಸಲೀಸಾಗಿ ಓಡುತ್ತಾ ನೀವೇ ಒಂದ್ಸಲ ನೋಡಿಬಿಡಿ, ಮೇಡಂ" ಎಂದ ತೆಳ್ಳಗಿನವನು. ಅವಳೇ ಬಾಗಿಲು ಮುಚ್ಚಿದಳು. ಅವಳೇ ಅಗುಳಿ ಹಾಕಿದಳು. ಬೆಣ್ಣೆಯಲ್ಲಿ ಚಾಕು ಓಡಿದ ಹಾಗೆ ಓಡಿತು.

ಹೊರಗೆ ಬರುವಾಗ ತೆಳ್ಳಗಿನವನು ಜೊತೆಗೇ ನಡೆದುಬಂದ. "ಮುಂದಿನ ಕಟ್ಟಡಕ್ಕೂ ನಿಮ್ಮ ಕೈಯೇ ಬೇಕು. ಇದರ ನಾಲ್ಕರಷ್ಟು ದೊಡ್ಡದು."

"ಮಾಡೋದು ಬಿಡೋದು ನನ್ನ ಇಷ್ಟ" ಎಂದಳು. ಆ ಮಾತು ಅವಳ ಕಿವಿಗೇ ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು.

"ಖಂಡಿತ ನಿಮ್ಮ ಇಷ್ಟ, ಮೇಡಂ. ಅಂಗಡಿ ನಿಮ್ಮದು, ಕೈ ನಿಮ್ಮದು. ನಾವು ಯಾವತ್ತಾದ್ರೂ ನಿಮ್ಮ ಹೊಸ್ತಿಲು ದಾಟಿದೀವಾ?"

ಅವಳು ಬೀದಿಗೆ ಬರುವಷ್ಟರಲ್ಲಿ ಇಸ್ತ್ರಿಯವನು ಗೋಡೆಗೆ ಒರಗಿಸಿದ್ದ ಕುರ್ಚಿಗಳನ್ನು ಬಿಡಿಸಿ, ಬಟ್ಟೆಯಿಂದ ಒರೆಸಿ, ಅಂಗಡಿಯ ಎದುರಿಗೆ ಹಾಕುತ್ತಿದ್ದ. ಹೊಸಬರಿಬ್ಬರು ನಿಂತು ಕಾಯುತ್ತಿದ್ದರು. ಅವಳನ್ನು ಕಂಡು ಇಬ್ಬರೂ ಕೈ ಮುಗಿದರು.

ಅವಳು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಚೀಲವನ್ನು ಮೇಜಿನ ಮೇಲೆ ಸುರಿದಳು. ಉಳಿ, ಸುತ್ತಿಗೆ, ಉಳಿದ ಉದ್ದದ ಸ್ಕ್ರೂಗಳು. ಸಣ್ಣ ಜೇಬಿನಲ್ಲಿ ಒಂದು ಪೊಟ್ಟಣವಿತ್ತು. ಪಾಲಿಶ್ ಸವೆದ ಮರಳುಕಾಗದವನ್ನು ಅಚ್ಚುಕಟ್ಟಾಗಿ ಮಡಚಿದ್ದ. ಬಿಚ್ಚಿದಳು. ಅವನ ಅಂಗೈಗೆ ಸುರಿದಿದ್ದ ಗಿಡ್ಡ ಸ್ಕ್ರೂಗಳು ಅಷ್ಟೂ ಅದರಲ್ಲಿದ್ದವು, ಒಂದಕ್ಕೂ ಸ್ಕ್ರೂಡ್ರೈವರ್ ತಾಗಿದ ಗುರುತಿರಲಿಲ್ಲ.

ಬಾಗಿಲಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು, ಸದ್ದು ಎದುರಿನ ಕುರ್ಚಿಗಳಿಗೆ ಕೇಳಬಾರದೆಂದು. ಆಮೇಲೆ ಎದ್ದು ಅಗುಳಿ ಹಾಕಲು ಬಾಗಿಲ ಹತ್ತಿರ ಹೋದಳು. ಅಗುಳಿ ಒಳಗಡೆಯೇ ಇತ್ತು, ಅಪ್ಪ ಕೂರಿಸಿದ ಜಾಗದಲ್ಲೇ. ಅದರ ಮೇಲೆ ಕೈ ಇಟ್ಟು ನಿಂತಳು, ಹಾಕಲೂ ಇಲ್ಲ, ತೆಗೆಯಲೂ ಇಲ್ಲ.